ಆಷಾಢದ ಪಾಠ

ನನ್ನ ಅಕ್ಕನ ಮಗ ಕಾರು ಷೋರೂಮಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ವಿಸಿಟಿಂಗ್ ಕಾರ್ಡಿನಲ್ಲಿ ‘ರಿಲೇಷನ್‌ಶಿಪ್ ಮ್ಯಾನೇಜರ್’ ಎಂದಿದೆ. “ಇವನಿಗೇ ಇನ್ನೂ ಒಂದು ಸಂಬಂಧ ಕುದುರಿಲ್ಲ, ಊರವರ ಸಂಬಂಧ ನೋಡ್ಕೋತಾನಂತೆ” ಎಂದು ಅಕ್ಕ ಅದನ್ನು ದೇವರ ಗೂಡಿನಲ್ಲಿಟ್ಟಳು.

ಆಷಾಢದ ಒಂದು ಸಂಜೆ ಟೈ ಸಡಿಲಿಸುತ್ತಾ ಬಂದ. “ಮಾವ, ನಮಗೆ ಟ್ರೇನಿಂಗ್ ಕೊಡಿಸ್ತಾರಂತೆ. ಹೋಟೆಲಿನಲ್ಲಿ ಎರಡು ದಿನದ್ದೋ, ಮೊಬೈಲಿನಲ್ಲಿ ವಿಡಿಯೋನೋ, ದಿನಾ ಬೆಳಿಗ್ಗೆ ಷೋರೂಮಲ್ಲೇ ಕಾಲು ಗಂಟೆಯೋ ಅಂತ ಮ್ಯಾನೇಜರ್ ಕೇಳಿದ್ದಾರೆ. ಏನು ಹೇಳಲಿ?”

ಊರಿನ ಎಲ್ಲ ಷೋರೂಮಿನಲ್ಲೂ ಪುಕ್ಕಟೆ ಕಾಫಿ ಕುಡಿದು, ಟೆಸ್ಟ್ ಡ್ರೈವ್ ಮಾಡಿ, ಕೊನೆಗೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವನು ನಾನು. ಕಳ್ಳನನ್ನು ಕೇಳಿ ಬೀಗ ಮಾಡಿಸುವ ಜಾಣತನ ಹುಡುಗನಿಗೆ ಬಂದಿದೆ ಎಂದು ಸಂತೋಷವಾಯಿತು.

ಹೋಟೆಲಿನ ಟ್ರೇನಿಂಗಿಗೆ ಅವನು ಹಿಂದೊಮ್ಮೆ ಹೋಗಿದ್ದ. ಕೋಟು ಹಾಕಿದವರು ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರಂತೆ. ಏನು ಕಲಿತೆ ಎಂದರೆ ಊಟಕ್ಕಿದ್ದ ಗೋಬಿ ಮಂಚೂರಿ ಮಾತ್ರ ನೆನಪಿತ್ತು. ವಿಡಿಯೋ ಕಥೆ ಇನ್ನೂ ಚೆಂದ: ಮೊಬೈಲು ಮೇಜಿನ ಮೇಲೆ ಒಬ್ಬಂಟಿಯಾಗಿ ಪಾಠ ಕೇಳುತ್ತದೆ, ಪ್ರಶ್ನೆಗಳ ಉತ್ತರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಹಾಗಂತ ವಿಡಿಯೋ ದಂಡ ಎನ್ನಲಾರೆ. ಏರ್‌ಬ್ಯಾಗ್ ಎಷ್ಟು, ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ನಕ್ಷತ್ರ ಎಷ್ಟು ಎಂಬ ಬಾಯಿಪಾಠಕ್ಕೆ ಅದೇ ಸಾಕು.

ಆದರೆ ಗಿರಾಕಿಯೆದುರು ಬಾಯಿಪಾಠ ನಡೆಯುತ್ತದೆಯೇ? “ಆಯ್ತು, ನಿಮ್ಮಮ್ಮನೇ ಗಿರಾಕಿ ಅಂದುಕೋ. ಮಾರು ನೋಡೋಣ” ಎಂದೆ.

“ಮೇಡಂ, ಇದರಲ್ಲಿ ಪನೋರಮಿಕ್ ಸನ್‌ರೂಫ್ ಇದೆ...”

“ಬಿಸಿಲಿಗೆ ತಲೆ ಸುಟ್ಟುಕೊಳ್ಳೋಕೆ ದುಡ್ಡು ಬೇರೆ ಕೊಡಬೇಕಾ? ಡಿಕ್ಕಿಯಲ್ಲಿ ಎಷ್ಟು ಅಕ್ಕಿಮೂಟೆ ಹಿಡಿಯುತ್ತೆ?”

“350 ಲೀಟರ್ ಮೇಡಂ.”

“ನಾನು ಕೇಳಿದ್ದು ಕಾರು, ಹಾಲಿನ ಕ್ಯಾನಲ್ಲ.”

ಹುಡುಗ ಬೆವರಿದ. ನಾನೂ ಒಂದು ಎಸೆದೆ: “ಆ ಮಾಡೆಲ್ಲು ಹತ್ತು ಲಕ್ಷಕ್ಕೆ ಎರಡು ಸಾವಿರ ಕಡಿಮೆ, ಇದು ಹತ್ತರ ಮೇಲೆ ಮೂರು ಸಾವಿರ. ಆನ್ ರೋಡ್ ಬೆಲೆ ಮಾತ್ರ ಯಾಕಪ್ಪಾ ಅಷ್ಟು ದೂರ?” ಕರ್ನಾಟಕದಲ್ಲಿ ಹತ್ತು ಲಕ್ಷದ ಗೆರೆ ದಾಟಿದ ಕಾರಿಗೆ ಆಜೀವ ತೆರಿಗೆ ಶೇ. 14ರಿಂದ 17ಕ್ಕೆ ಜಿಗಿಯುತ್ತದೆ. ಅದೂ ಗೆರೆಯಾಚೆಯ ಮೂರು ಸಾವಿರಕ್ಕಲ್ಲ, ಇಡೀ ಬೆಲೆಗೆ. ಐದು ಸಾವಿರದ ಅಂತರಕ್ಕೆ ಮೂವತ್ತು ಸಾವಿರದ ತೆರಿಗೆ, ಅದರ ಮೇಲೆ ಸೆಸ್ಸು. ಇದನ್ನು ಬಿಡಿಸಿ ಹೇಳಲಾರದೆ ಅವನು ಕ್ಯಾಲ್ಕುಲೇಟರ್ ಹುಡುಕಿದ. ಗಿರಾಕಿ ಪಕ್ಕದ ಷೋರೂಮಿಗೆ ಹೋಗುವುದು ಇಂಥ ಹೊತ್ತಿನಲ್ಲೇ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಅವತ್ತು ಷೋರೂಮಿನವರನ್ನು ಕಾಪಾಡಿದ್ದು ಯಾರು ಎಂದು ಕೇಳಿದೆ. ಕೋಟಿನವರಲ್ಲ. ಷಟರ್ ಎತ್ತುವ ಮೊದಲು ಹೊಸ ಬೆಲೆಪಟ್ಟಿ ಹಿಡಿದು ಹದಿನೈದು ನಿಮಿಷ ಹೇಳಿಕೊಟ್ಟ ಅಕೌಂಟ್ಸಿನ ಹೆಂಗಸು.

ಅವರ ಷೋರೂಮಿನಲ್ಲೇ ಒಬ್ಬ ಹಳೆಯ ಸೇಲ್ಸ್‌ಮನ್ ಇದ್ದಾರಂತೆ. ಟೈ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಮನೆಮಂದಿಯೆಲ್ಲ ಬಂದರೆ ಯಜಮಾನನಿಗೆ ಸ್ಟೇರಿಂಗ್ ತೋರಿಸುವ ಮೊದಲು ಅಜ್ಜಿಯನ್ನು ಕಾರಿಗೆ ಹತ್ತಿಸಿ, ಮಂಡಿ ನೋಯುತ್ತದಾ ಎಂದು ಕೇಳುತ್ತಾರೆ. ಅಜ್ಜಿ ಇಳಿಯುವಷ್ಟರಲ್ಲಿ ಬುಕಿಂಗ್ ಮುಗಿದಿರುತ್ತದೆ.

“ಅವರ ಹಿಂದೆ ಒಂದು ತಿಂಗಳು ತಿರುಗು. ಬೆಳಿಗ್ಗೆ ಕಾಲು ಗಂಟೆ, ನಿನ್ನೆ ಕೈತಪ್ಪಿದ ಗಿರಾಕಿ ಏಕೆ ತಪ್ಪಿದ ಅಂತ ಮಾತಾಡಿ. ಎಲ್ಲ ಈ ಆಷಾಢದಲ್ಲೇ ಆಗಲಿ. ಈಗ ನೀವು ಹೇಗೂ ನೊಣ ಹೊಡೀತಿದ್ದೀರಿ. ಆಯುಧಪೂಜೆ ಬಂತೆಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡೋಕೂ ಪುರುಸೊತ್ತಿರಲ್ಲ” ಎಂದೆ.

ಮ್ಯಾನೇಜರು ಒಪ್ಪಿದ್ದಾರೆ. ಗಿರಾಕಿಯ ಪಾತ್ರಕ್ಕೆ ಅಕ್ಕನಿಗೇ ಕರೆ ಬಂದಿದೆ, ಕಾಫಿ ಮತ್ತು ಆಟೋ ಚಾರ್ಜು ಅವರದಂತೆ. ಅಕ್ಕ ಮೈಸೂರು ಸಿಲ್ಕಿನಿಂದ ಚೌಕಾಸಿ ಶುರು ಮಾಡಿದ್ದಾಳೆ.