ಗೀಸರಿಗೆ ಬುದ್ಧಿ ಬಂದ ಕತೆ

ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಮನೆಯಲ್ಲಿದ್ದರೆ ಯಾವ ವಸ್ತುವೂ ಅದರ ಪಾಡಿಗೆ ಅದು ಇರುವಂತಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಸೋದರಳಿಯನ ಕಣ್ಣು ಬಿದ್ದದ್ದು ಬಚ್ಚಲಿನ ಗೀಸರ್ ಮೇಲೆ. 15 ಲೀಟರ್, 2000 ವ್ಯಾಟ್. ಸ್ವಿಚ್ ಹಾಕಿದ 20 ನಿಮಿಷಕ್ಕೆ ನೀರು ಕಾದಿರುತ್ತದೆ. ಆರಿಸಲು ಮರೆತರೆ ಹೆಂಡತಿ ಕಾದಿರುತ್ತಾಳೆ. ‘ಇನ್ನು ಮರೆಯೋ ಪ್ರಶ್ನೆಯೇ ಇಲ್ಲ ಮಾವ, ಆರ್ಡುಯಿನೊ ನೋಡ್ಕೊಳುತ್ತೆ’ ಅಂದ.

ಆರ್ಡುಯಿನೊ ಅಂಗೈ ತುಂಬದ ಬೋರ್ಡು. ಅದರ ಒಂದು ಪಿನ್ನಿನಲ್ಲಿ ಬರುವುದು 5 ವೋಲ್ಟ್, ಎಳೆದಾಡಿದರೆ 40 ಮಿಲಿಆಂಪ್. ಗೀಸರಿಗೆ ಬೇಕಾದದ್ದು 230 ವೋಲ್ಟಿನಲ್ಲಿ ಸುಮಾರು 9 ಆಂಪ್. ಇಬ್ಬರನ್ನೂ ಮುಖಾಮುಖಿ ಮಾಡಿಸಿದರೆ ಬೋರ್ಡಿನ ತಿಥಿ ಮಾಡಬೇಕಾಗುತ್ತದೆ. ಹಾಗಾಗಿ ನಡುವೆ ಸಾಲಿಡ್ ಸ್ಟೇಟ್ ರಿಲೇ. ಅದರೊಳಗೆ ಈ ಕಡೆಗೂ ಆ ಕಡೆಗೂ ತಂತಿಯ ಸಂಬಂಧವೇ ಇಲ್ಲ. ಇಲ್ಲೊಂದು ಪುಟ್ಟ ಎಲ್‌ಇಡಿ ಮಿಣುಕುತ್ತದೆ, ಅಲ್ಲಿರುವುದು ಅದನ್ನು ಕಂಡು ಕರೆಂಟು ಬಿಡುತ್ತದೆ. ನಮ್ಮ ಕಾಲದ ಪ್ರೇಮ ಪ್ರಕರಣಗಳೂ ಹೀಗೇ ಕಣ್ಸನ್ನೆಯಲ್ಲೇ ನಡೆಯುತ್ತಿದ್ದವು.

ಆಂಪಿಗೊಂದು ವ್ಯಾಟಿನ ಲೆಕ್ಕದಲ್ಲಿ ರಿಲೇಯೂ ಬಿಸಿಯಾಗುತ್ತದೆ. ಅದಕ್ಕೆ ಬೆನ್ನಿಗೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್ ಬಂತು. ಹೆಂಡತಿ ಮುಟ್ಟಿ ನೋಡಿ, ‘ನೀರು ಕಾಯ್ಸು ಅಂದ್ರೆ ಡಬ್ಬಿ ಕಾಯ್ಸಿದ್ದೀಯಲ್ಲೋ’ ಅಂದಳು.

ಗೀಸರಿನೊಳಗಿನ ಹಳೇ ಥರ್ಮೋಸ್ಟಾಟನ್ನು ಕಿತ್ತುಹಾಕಬೇಕೆಂದು ಹುಡುಗನ ಹಟ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ‘ಈ ರಿಲೇ ಸತ್ರೆ ಆಫ್ ಆಗಿ ಸಾಯಲ್ಲ ಸ್ವಾಮಿ, ಹೆಚ್ಚಾಗಿ ಆನ್ ಆಗೇ ಸಾಯುತ್ತೆ. ಅದಿರ್ಲಿ, ಮೊದ್ಲು ಅರ್ತ್ ತೋರ್ಸಿ’ ಅಂದ. ಪ್ರೋಗ್ರಾಮಿನ ಗಂಧವೇ ಇಲ್ಲದ, ಎರಡು ಲೋಹದ ಆ ಥರ್ಮೋಸ್ಟಾಟ್ ಬಿಲ್ಲೆ ತನ್ನ ಜಾಗದಲ್ಲೇ ಉಳಿಯಿತು.

ಅದರ ಬೆಲೆ ತಿಳಿದದ್ದು, ನೀರಿನ ಬಿಸಿಯನ್ನು ಆರ್ಡುಯಿನೊಗೆ ತಿಳಿಸುವ ಸೆನ್ಸರಿನ ತಂತಿಯನ್ನು ಇಲಿ ಕಡಿದ ದಿನ. ಸೆನ್ಸರ್ ಉತ್ತರಿಸದಿದ್ದರೆ ಹುಡುಗ ಬಳಸಿದ್ದ ಸಾಫ್ಟ್‌ವೇರ್ ಉಷ್ಣತೆಯನ್ನು ಮೈನಸ್ 127 ಡಿಗ್ರಿ ಎಂದು ಬರೆದುಕೊಳ್ಳುತ್ತದಂತೆ. ಅಂಟಾರ್ಕ್ಟಿಕಾದ ವೋಸ್ಟಾಕ್‌ನಲ್ಲಿ 1983ರಲ್ಲಿ ದಾಖಲಾದ ಮಹಾಚಳಿಯೇ ಮೈನಸ್ 89.2. ಅದನ್ನೂ ಮೀರಿ ಹೆಪ್ಪುಗಟ್ಟಿದ ನಮ್ಮ ಬಚ್ಚಲಿಗೆ ಮರುಗಿ ಆರ್ಡುಯಿನೊ ಬಿಡುವಿಲ್ಲದೆ ಕರೆಂಟು ಸುರಿಯಿತು. ಕೊನೆಗೆ ಒಳಗಿನ ಬಿಲ್ಲೆ ಬಿಸಿಗೆ ಬಾಗಿ ‘ಟಕ್’ ಎಂದಿತು. ಗೀಸರ್ ಆರಿತು. ಬೋರ್ಡು ಮಾತ್ರ ಇನ್ನೂ ‘ಹೀಟರ್ ಆನ್’ ಎಂದೇ ತೋರಿಸುತ್ತಿತ್ತು.

ಹುಡುಗ ತಲೆ ಕೆರೆದುಕೊಂಡು ಪ್ರೋಗ್ರಾಮಿಗೊಂದು ಸಾಲು ಸೇರಿಸಿದ: ಸೆನ್ಸರ್ ಅಸಂಬದ್ಧ ನುಡಿದರೆ ನಂಬಬೇಡ, ಆರಿಸಿಬಿಡು. ನಾನು ಇದೇ ಸಂದರ್ಭವೆಂದು ಕರೆಂಟ್ ಬಿಲ್ಲು, ಇಂದಿನ ಶಿಕ್ಷಣ, ದೇಶದ ಭವಿಷ್ಯ ಎಲ್ಲವನ್ನೂ ಸೇರಿಸಿ ಏರುದನಿಯಲ್ಲಿ ಭಾಷಣ ಶುರುಮಾಡಿದೆ.

ಹೆಂಡತಿ ಮತ್ತೆ ಬಂದಿದ್ದ ಎಲೆಕ್ಟ್ರಿಷಿಯನ್ ಕಡೆ ತಿರುಗಿದಳು: ‘ಬಿಸಿಯಾದ್ರೆ ತಾನಾಗೇ ಬಾಯಿ ಮುಚ್ಚುವ ಅಂಥದ್ದೇ ಬಿಲ್ಲೆ ಇನ್ನೊಂದು ಸಿಗುತ್ತೇನಪ್ಪಾ?’