ಚಮಚ ಅವನು, ಫೋರ್ಕ್ ಅವಳು

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 32 ವರ್ಷ ನೋಟು ಎಣಿಸಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಏನನ್ನೇ ತಿರುವುವ ಮೊದಲು ಬೆರಳು ಒದ್ದೆಯಾಗಬೇಕು. ಅಲ್ಲಿ ಸ್ಪಂಜಿನ ಡಬ್ಬಿಯಿತ್ತು. ಮನೆಯಲ್ಲಿ ನಾಲಿಗೆಯೇ ಗತಿ. ಸ್ಟುಟ್‌ಗಾರ್ಟಿನಲ್ಲಿರುವ ಮಗ ಕೊಡಿಸಿದ ಟ್ಯಾಬ್ಲೆಟ್ಟಿನಲ್ಲಿ ಜರ್ಮನ್ ಕಲಿಯಲು ಕೂತ ಮೊದಲ ದಿನ ಅದೇ ಬೆರಳು ಆಡಿಸಿದೆ. ಟ್ಯಾಬ್ಲೆಟ್ಟು ಎರಡು ಸಲ ಹಿಂದಕ್ಕೆ ಜಿಗಿದು, ನಾನು ಕೇಳದ ಸ್ಪ್ಯಾನಿಷ್ ಪಾಠ ತೆರೆದು ಕೂತಿತು. "ಮಡಿ ಯಂತ್ರ ಕಣ್ರೀ, ಎಂಜಲು ಆಗಲ್ಲ" ಎಂದಳು ಹೆಂಡತಿ.

ಈ ವಯಸ್ಸಿನಲ್ಲಿ ಜರ್ಮನ್ ಯಾಕೆ ಅಂತೀರಾ? ಮೊಮ್ಮಗಳು ನಮ್ಮ ಜತೆ ಕನ್ನಡವೇ ಆಡುತ್ತಾಳೆ. ಆದರೆ ಗೊಂಬೆಯ ಜತೆ ಜರ್ಮನ್. ಆ ಗುಟ್ಟು ತಿಳಿಯುವ ಆಸೆ. ಜತೆಗೊಂದು ಹಳೇ ಸಾಲವೂ ಇದೆಯಲ್ಲ! ಜರ್ಮನಿಯ ಕಿಟ್ಟೆಲ್ ಸಾಹೇಬರು 1853ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನೇ ಕೊಟ್ಟರು. ಅವರು ಕಣ್ಣುಮುಚ್ಚಿದ ಟ್ಯೂಬಿಂಗನ್ ನನ್ನ ಮಗನ ಮನೆಗೆ ದೂರವಲ್ಲ. ಬಡ್ಡಿಯನ್ನಾದರೂ ತೀರಿಸೋಣವೆಂದು ಲೆಕ್ಕ ಹಾಕಿದೆ: ದಿನಕ್ಕೆ ಐದು ಪದದಂತೆ 70,000ಕ್ಕೆ 38 ವರ್ಷ. ನನಗೀಗ 66. 104ಕ್ಕೆ ಮುಗಿಯುತ್ತದೆ, ಹಿಂದಿನ ದಿನದ್ದು ಮರೆಯದಿದ್ದರೆ.

ಕನ್ನಡದಲ್ಲಿ ಗಂಡಸು ಅವನು, ಹೆಂಗಸು ಅವಳು, ಮಿಕ್ಕಿದ್ದು ಅದು. ಜರ್ಮನ್ನರ ಊಟದ ಮೇಜಿನ ಮೇಲೆ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹೋಗಲಿ ಎಂದರೆ ಹುಡುಗಿಯೂ ನಪುಂಸಕ! 'ಮೇಡ್ಶೆನ್' ಪದಕ್ಕೆ ಪುಟ್ಟದು ಎಂಬರ್ಥದ ಬಾಲವಿದೆಯಂತೆ. ಆ ಬಾಲ ಬಂದರೆ ಯಾರೇ ಆಗಲಿ 'ಅದು'. ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಮೈಸೂರು ಸೀಮೆಯ ನನ್ನಜ್ಜಿ "ಹುಡುಗಿ ಇಸ್ಕೂಲಿಂದ ಬಂತಾ?" ಅನ್ನುತ್ತಿದ್ದದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಇನ್ನು ಉಚ್ಚಾರಣೆಯ ಪರೀಕ್ಷೆ. 'ಇಲ್ಲ' ಅನ್ನಲು 'ನೈನ್'. ಆರು ಸಲ ಹೇಳಿದೆ. ಆರು ಸಲವೂ ಕೆಂಪು. ಏಳನೆಯದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಕಿಟಕಿಯಾಚೆ ಮಗ್ಗಿ ಒಪ್ಪಿಸಿದ: "ತ್ರೀ ತ್ರೀಸ್ ಆರ್ ನೈನ್!" ಟಿಣ್ ಎಂದು ಹಸಿರಾಗಿ ನನಗೆ ಹತ್ತು ಅಂಕ ಬಂತು. ಬ್ಯಾಂಕಿನಲ್ಲಿ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಜಮೆಯಾದರೆ ಸಂಜೆಯೊಳಗೆ ಸರಿಪಡಿಸುತ್ತಿದ್ದೆವು. ಇಲ್ಲಿ ಚಲನ್ ಎಲ್ಲಿ ತುಂಬಬೇಕೋ ತಿಳಿಯದೆ ಸುಮ್ಮನೆ ಇಟ್ಟುಕೊಂಡೆ.

ಈ ಯಂತ್ರದ ಮೇಷ್ಟ್ರಿಗೆ ಸಿಟ್ಟಿಲ್ಲ, ಬೆತ್ತವಿಲ್ಲ. ಚಮಚವನ್ನು ಹತ್ತು ಸಲ ಹೆಣ್ಣು ಮಾಡಿದರೂ ಬೇಸರವಿಲ್ಲ. ಅದಕ್ಕೇ ಇರಬೇಕು, ನಾನೂ ನಿಶ್ಚಿಂತನಾಗಿ ಹನ್ನೊಂದನೇ ಸಲ ತಪ್ಪುತ್ತಿದ್ದೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಮುಂದೆಯೂ ಅದೇ ತಪ್ಪು. ಅವಳು ಬಿದ್ದು ಬಿದ್ದು ನಕ್ಕು, "ತಾತಾ, ಚಮಚ ಅವಳಲ್ಲ, ಅವನು!" ಎಂದಳು. ಅಷ್ಟೇ, ತಲೆಗೆ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಎಷ್ಟು ಕೂತಿತೆಂದರೆ, ಮಧ್ಯಾಹ್ನ ಊಟದ ಹೊತ್ತಿಗೆ ಉಪ್ಪಿನಕಾಯಿ ಜಾಡಿಯ ಚಮಚದ ಕಡೆ ಕೈಮಾಡಿ, "ಅವನನ್ನ ಸ್ವಲ್ಪ ಈ ಕಡೆ ಕೊಡೇ" ಅಂದೆ. ಹೆಂಡತಿ, ಯಾರು ಬಂದರಪ್ಪಾ ಎಂದು ಬಾಗಿಲ ಕಡೆ ನೋಡಿದಳು.