ಓನರ್ ರಾಯರ ಮಾರ್ಕ್ಸ್ ಕಾರ್ಡು

ಇಂಗ್ಲೆಂಡಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಓನರ್ ರಾಯರನ್ನು ಗುರುತಿಸುವುದು ಸುಲಭ. ಕೋಸಂಬರಿಗೆ ಬಡ್ಡಿ ದರ, ಸಾರಿಗೆ ಬಾಯ್ಲರ್ ರಿಪೇರಿ, ಪಾಯಸದ ಹೊತ್ತಿಗೆ ಬಾಡಿಗೆದಾರರ ಕೃತಘ್ನತೆ. ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಇರಲಿಕ್ಕೊಂದು, ಬಾಡಿಗೆಗೆರಡು ಮನೆ. ರಾಯರೇ ಆಗಬೇಕೆಂದಿಲ್ಲ. ಗೌಡರು, ಶೆಟ್ಟರು, ಪಾಟೀಲರು ಯಾರಾದರೂ ಆದೀತು.

ಬಾಡಿಗೆಗೆ ಕೊಟ್ಟ ಒಂದು ಮನೆ ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆ. ಗೋಡೆ ತಟ್ಟಿ ನೋಡಿ, 'ಏನು ಗಟ್ಟಿ!' ಎಂದು ಕೊಂಡಿದ್ದರು. ಯಾಮಾರಿದ್ದು ಅಲ್ಲೇ. ನಡುವೆ ಪೊಳ್ಳಿರುವ ಗೋಡೆಯಾಗಿದ್ದರೆ ಆ ಸಂದಿಗೆ ನಿರೋಧಕ ತುಂಬಿ ಅಗ್ಗದಲ್ಲಿ ಬೆಚ್ಚಗಿಡಬಹುದಿತ್ತು. ಗಟ್ಟಿ ಗೋಡೆಗೆ ಒಳಗಿನಿಂದಲೋ ಹೊರಗಿನಿಂದಲೋ ಹೊದಿಕೆ ಹಾಕಬೇಕು. ಅದಕ್ಕೆ ಸಾವಿರಾರು ಪೌಂಡು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಬಾಡಿಗೆಗೆ ಕೊಡಲು 2008ರ ಅಕ್ಟೋಬರಿನಿಂದ ಇಪಿಸಿ ಬೇಕು. ಇಂಧನ ದಕ್ಷತೆಯ ಈ ಪ್ರಮಾಣಪತ್ರಕ್ಕೆ ಹತ್ತು ವರ್ಷ ಆಯುಸ್ಸು; ಎ ಯಿಂದ ಜಿ ತನಕ ದರ್ಜೆ, ಜೊತೆಗೆ ಅಂಕ. ರಾಯರು ಮೊದಲನೆಯದನ್ನು ಫೈಲಿಗೆ ಸೇರಿಸಿ ಮರೆತರು. ಅಷ್ಟರಲ್ಲಿ ಕಾನೂನು ಬಿಗಿಯಾಯಿತು: 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗೆ, 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆಗೂ ಕನಿಷ್ಠ ಇ ದರ್ಜೆ. ತಪ್ಪಿದರೆ ದಂಡ 5,000 ಪೌಂಡಿನ ತನಕ. ಇ ಶುರುವಾಗುವುದು 39 ಅಂಕಕ್ಕೆ. ಮರುಪರೀಕ್ಷೆಯಲ್ಲಿ ರಾಯರ ಮನೆಗೆ ಬಂದದ್ದು 36.

"ನಮ್ಮ ಎಸ್ಸೆಸ್ಸೆಲ್ಸೀಲಿ 35ಕ್ಕೇ ಪಾಸು ಕಣ್ರೀ!"

ಪರೀಕ್ಷಕ ಬರುವ ಹಿಂದಿನ ರಾತ್ರಿ ಅವರು ಸುಮ್ಮನೆ ಕೂತಿರಲಿಲ್ಲ. ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸಿದ್ದರು. ಚಕ್ಕುಲಿ, ಕಾಫಿ ತಯಾರಿತ್ತು. ಆತ ಚಕ್ಕುಲಿ ತಿಂದ, ಬಾಯ್ಲರಿನ ಮಾಡೆಲ್ ಬರೆದುಕೊಂಡ, ಕಿಟಕಿ ನೋಡಿದ, ಅಟ್ಟದ ಬಾಗಿಲ ಹತ್ತಿರ ನಿಂತ. ಬೀಗ. ಮನೆ ಬಾಡಿಗೆಗೆ ಕೊಟ್ಟರೂ ಅಟ್ಟ ಬಿಟ್ಟುಕೊಡದಿರುವುದು ಓನರ್ ಕುಲದ ಲಕ್ಷಣ. ಕೀಲಿ ಇನ್ನೊಂದು ಮನೆಯ ಬೀರುವಿನಲ್ಲಿತ್ತು. ಕಣ್ಣಿಗೆ ಬೀಳದ್ದು, ದಾಖಲೆಯೂ ಇಲ್ಲದ್ದು ಲೆಕ್ಕಕ್ಕಿಲ್ಲ. ಕಟ್ಟಡದ ವಯಸ್ಸು ನೋಡಿ ಊಹೆಯ ಮೇಲೆ ಅಂಕ ಹಾಕುವುದು ನಿಯಮ. ಊಹೆ ಎಂದೂ ಉದಾರವಾಗಿರುವುದಿಲ್ಲ.

ಎರಡನೆಯ ಸಲ ಬೀಗ ತೆಗೆಸಿದರು. ಹಳೇ ಸೂಟ್‌ಕೇಸು, ಕೆಟ್ಟ ಮಿಕ್ಸಿ, ಗಣೇಶನ ಹಬ್ಬದ ಮಂಟಪ ಸರಿಸಿದರೆ ಕೆಳಗೆ ಹಿಂದಿನ ಮಾಲೀಕ ಹಾಸಿದ್ದ ದಪ್ಪನೆಯ ಗಾಜುಉಣ್ಣೆ! ಅಂಕ 43ಕ್ಕೇರಿತು. "ಮಂಟಪಾನೂ ಥರ್ಮೋಕೋಲೇ ಅಲ್ವೇ, ಅದಕ್ಕೂ ಎರಡು ಮಾರ್ಕ್ಸ್ ಕೊಡಿ" ಎಂದದ್ದಕ್ಕೆ ಪರೀಕ್ಷಕ ಒಪ್ಪಲಿಲ್ಲ.

ವಿನಾಯಿತಿಯ ನಿಯಮ ಮಾತ್ರ ರಾಯರಿಗೆ ಬಾಯಿಪಾಠ: 3,500 ಪೌಂಡಿನ ಮಿತಿಯೊಳಗೆ ಮಾಡಬಹುದಾದ್ದನ್ನೆಲ್ಲ ಮಾಡಿಸಿಯೂ ಇ ಮುಟ್ಟದಿದ್ದರೆ ಹೆಸರು ನೋಂದಾಯಿಸಿ ಐದು ವರ್ಷ ನಿರಾಳವಾಗಿರಬಹುದು. ಖರ್ಚು ತಪ್ಪಿಸಿಕೊಳ್ಳಲು ಇಷ್ಟು ಖರ್ಚು ಮಾಡಬೇಕೇ ಎಂಬುದಷ್ಟೇ ಅವರ ತಕರಾರು. ಬಾಯ್ಲರ್ ಕಿತ್ತು ಅಗ್ಗದ ಎಲೆಕ್ಟ್ರಿಕ್ ಹೀಟರ್ ಇಡುವ ಯೋಚನೆಯೂ ಇತ್ತು. ಅಂಕ ನಿಂತಿರುವುದು ಇಂಧನದ ವೆಚ್ಚದ ಮೇಲೆ. ಯೂನಿಟ್ಟಿಗೆ ಗ್ಯಾಸಿಗಿಂತ ಕರೆಂಟು ಎಷ್ಟೋ ಪಾಲು ದುಬಾರಿ, ಹಾಗಾಗಿ ಇದ್ದ ಅಂಕವೂ ಹೋಗುತ್ತಿತ್ತು. ಹೀಟ್ ಪಂಪಿನಂಥ ಒಳ್ಳೆಯ ಯಂತ್ರಕ್ಕೂ ಇದೇ ಕಾರಣಕ್ಕೆ ತಕ್ಕ ಮನ್ನಣೆ ಸಿಗದು. ಈ ಲೆಕ್ಕವನ್ನು ರಾಯರು ಬೈಯುವುದರಲ್ಲಿ ಅರ್ಧ ನ್ಯಾಯವಿದೆ. ಬಾಡಿಗೆದಾರರ ಉದ್ದುದ್ದ ಬಿಸಿನೀರ ಸ್ನಾನವನ್ನು ದೂರುವುದರಲ್ಲಿ ಇಲ್ಲ. ಪ್ರಮಾಣಪತ್ರ ಒಳಗಿರುವವರ ಅಭ್ಯಾಸ ನೋಡುವುದೇ ಇಲ್ಲ. ಹಜಾರ 21 ಡಿಗ್ರಿ, ಉಳಿದ ಕೋಣೆ 18 ಎಂದು ಎಲ್ಲರಿಗೂ ಒಂದೇ ಅಳತೆ ಹಿಡಿಯುತ್ತದೆ.

ಅವರಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ದಂಪತಿ. ಇಪಿಸಿ ದಾಖಲೆ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. "ಅಂಕಲ್, ನಿಮ್ದು ಇ. ಪಕ್ಕದ ಮನೆ ಸಿ ಇದೆ. ಬಾಡಿಗೆ ಹೇಗೆ ಒಂದೇ?"

ಬಾಡಿಗೆ ಮನೆಗಳನ್ನು ಸಿ ದರ್ಜೆಗೆ ಏರಿಸುವ ಪ್ರಸ್ತಾಪವನ್ನು 2023ರ ಸೆಪ್ಟೆಂಬರಿನಲ್ಲಿ ರಿಷಿ ಸುನಕ್ ಕೈಬಿಟ್ಟಾಗ ರಾಯರು ಮೈಸೂರು ಪಾಕ್ ಹಂಚಿದ್ದರು. ಲೇಬರ್ ಸರ್ಕಾರ ಬಂದು 2030ರೊಳಗೆ ಸಿ ಎಂದು ಮತ್ತೆ ಗುರಿ ಇಟ್ಟಿದೆ. ಸಿ ಅಂದರೆ 69 ಅಂಕ. ಈ ಯುಗಾದಿಗೆ ರಾಯರು ಮನೆ ಮಾರಿಬಿಡುವ ಮಾತಾಡಿದರು. ಮಾರುವುದಕ್ಕೂ ಇಪಿಸಿ ಬೇಕು.